ಕಪ್ಪಾಗಿರಬೇಕಾಗಿದ್ದ ಸ್ಲೈಡು

ಅವನೂ ನಾನೂ ಒಂದೇ ಮೈಕ್ರೋಸ್ಕೋಪನ್ನು ಒಂದೂವರೆ ವರ್ಷ ಹಂಚಿಕೊಂಡಿದ್ದೆವು. ಅಷ್ಟು ದಿನಗಳಲ್ಲಿ ಒಂದು ಸಲವೂ ನಾನು ಅವನಿಗೆ ಒಳ್ಳೆಯದಾಗಲಿ ಎಂದುಕೊಂಡಿರಲಿಲ್ಲ. ಅವನೂ ಅಂದುಕೊಂಡಿರಲಾರ ಎಂಬ ನಂಬಿಕೆ ನನಗಿದೆ. ಇಲ್ಲದಿದ್ದರೆ ಇದರಲ್ಲಿ ನಾನೊಬ್ಬಳೇ ಕೆಟ್ಟವಳಾಗಿಬಿಡುತ್ತೇನೆ.

ಜಯನಗರದ ಆ ಕಟ್ಟಡದಲ್ಲಿ ಮೊದಲ ಮಹಡಿಗೆ ಹಲ್ಲಿನ ಡಾಕ್ಟರು, ಅವರ ಮೇಲೆ ಆಡಿಟರು, ಅವರ ಮೇಲಿನ ಎರಡು ಮಹಡಿಗಳಲ್ಲಿ ನಾವು. ಒಂದು ಆಸ್ಪತ್ರೆಗೆ ಸೇರಿದ ಸಣ್ಣ ಸಂಶೋಧನಾ ಕೇಂದ್ರ. ಲಿಫ್ಟಿನಲ್ಲಿ ಹತ್ತುವಾಗ ಕೆನ್ನೆ ಹಿಡಿದುಕೊಂಡವರು ಮೊದಲ ಮಹಡಿಯಲ್ಲಿ, ಫೈಲು ಹಿಡಿದುಕೊಂಡವರು ಎರಡನೆಯದರಲ್ಲಿ ಇಳಿದುಬಿಡುತ್ತಿದ್ದರು. ಉಳಿದ ದಾರಿ ನಾನೊಬ್ಬಳೇ. ನಮ್ಮ ಕೆಲಸ ಕಿಡ್ನಿ ಕಾಯಿಲೆಯ ಮೇಲೆ. ಕಿಡ್ನಿಯ ಚೂರನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಅದರಲ್ಲೊಂದು ಪ್ರೋಟೀನು ಎಲ್ಲಿದೆ ಎಂದು ಹುಡುಕುವುದು. ಆ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿ, ಅದಕ್ಕೊಂದು ಹೊಳೆಯುವ ಬಣ್ಣ ಕಟ್ಟಿ, ಕತ್ತಲೆ ಕೋಣೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪ್ರೋಟೀನು ಇರುವ ಕಡೆ ಹಸಿರಾಗಿ ಮಿನುಗಬೇಕು. ಏಳು ತಿಂಗಳಿಂದ ನನ್ನದು ಮಿನುಗಿರಲಿಲ್ಲ.

ನಾನು ಅಲ್ಲಿ ಪೋಸ್ಟ್‌ಡಾಕ್. ಪಿಎಚ್‌ಡಿ ಮುಗಿದ ಮೇಲೆ ಕಾಯಂ ಕೆಲಸ ಸಿಗುವ ತನಕ ವಿಜ್ಞಾನಿಗಳು ಕಾಯುವ ಬಸ್‌ಸ್ಟಾಪಿಗೆ ಆ ಹೆಸರು. ಮೂವತ್ತರ ಆಸುಪಾಸಿನವರು ಎರಡು ಮೂರು ವರ್ಷ ಅಲ್ಲಿ ನಿಂತು ಬಸ್ ಹತ್ತಿ ಹೋಗುತ್ತಾರೆ. ನನಗಾಗ ನಲವತ್ತನಾಲ್ಕು. ಮಗಳು ಹುಟ್ಟಿದ್ದು, ಮಾವನವರು ಮಲಗಿದ್ದು, ಆಮೇಲೆ ಸುಮ್ಮನೆ ಅಭ್ಯಾಸವಾಗಿ ಹೋಗಿದ್ದು, ಹೀಗೆ ಒಂಬತ್ತು ವರ್ಷ ಪದ್ಮನಾಭನಗರದ ಟ್ಯೂಷನ್ ಸೆಂಟರೊಂದರಲ್ಲಿ ನೀಟ್ ಪರೀಕ್ಷೆಯವರಿಗೆ ಬಯಾಲಜಿ ಹೇಳಿದವಳು. ಬಿಡುವು ತೆಗೆದುಕೊಂಡ ಮಹಿಳೆಯರಿಗೆಂದು ಇರುವ ಯೋಜನೆಯೊಂದರಲ್ಲಿ ಹೇಗೋ ಲ್ಯಾಬಿಗೆ ವಾಪಸು ಬಂದಿದ್ದೆ. ಟ್ಯೂಷನ್ ಸೆಂಟರಿನ ಯಜಮಾನರು ಬೀಳ್ಕೊಡುವಾಗ, ನಿಮ್ಮ ಕುರ್ಚಿ ಹಾಗೇ ಇಟ್ಟಿರ್ತೀನಿ ಮೇಡಂ ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದು. ನನಗೆ ಶಾಪದ ಹಾಗೆ ಕೇಳಿಸಿತ್ತು.

ಅವನಿಗೆ ಇಪ್ಪತ್ತೊಂಬತ್ತು. ಅವನೂ ಪೋಸ್ಟ್‌ಡಾಕ್, ನನ್ನ ಪಕ್ಕದ ಬೆಂಚು. ಬಿಟಿಎಂ ಲೇಔಟಿನ ಪೀಜಿಯಲ್ಲಿದ್ದ. ಬೆನ್ನಿಗೆ ಬ್ಯಾಗು, ಕಿವಿಗೆ ಇಯರ್‌ಫೋನು. ಎಲ್ಲರನ್ನೂ ಮಗಾ, ಗುರು ಎನ್ನುತ್ತಿದ್ದವನು ನನ್ನನ್ನು ಮಾತ್ರ ಮೇಡಂ ಎನ್ನುತ್ತಿದ್ದ. ಆ ಮೇಡಂನಲ್ಲಿ ಗೌರವ ಎಷ್ಟು, ನನ್ನ ವಯಸ್ಸು ಎಷ್ಟು ಎಂದು ನಾನು ಮನೆಗೆ ಹೋಗುವ ಮೆಟ್ರೋದಲ್ಲಿ ಬಹಳ ಸಲ ಯೋಚಿಸಿದ್ದೇನೆ. ನಮ್ಮ ಜಗಳ ಮಾತಿನಲ್ಲಿ ನಡೆಯುತ್ತಿರಲಿಲ್ಲ, ಚೀಟಿಗಳಲ್ಲಿ ನಡೆಯುತ್ತಿತ್ತು. ಫ್ರಿಜ್ಜಿನ ಮೇಲೆ ಅವನ ಚೀಟಿ: ‘ಬಳಸಿದವರು ಮುಚ್ಚಳ ಹಾಕಿ.’ ಮರುದಿನ ಅದರ ಪಕ್ಕ ನನ್ನದು: ‘ಮುಚ್ಚಳ ಕಳೆದವರು ಹುಡುಕಿ.’ ಮೈಕ್ರೋಸ್ಕೋಪಿನ ಬುಕಿಂಗ್ ಶೀಟಿನಲ್ಲಿ ನನ್ನ ಹೆಸರು ಹನ್ನೆರಡರಿಂದ ಎರಡು, ಅವನದು ಎರಡರಿಂದ ನಾಲ್ಕು. ಒಂದು ಐವತ್ತಕ್ಕೇ ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದ. ಉಸಿರಾಡುತ್ತಿದ್ದ, ಅಷ್ಟೇ.

ಆ ವರ್ಷ ಸೆಪ್ಟೆಂಬರಿನಲ್ಲಿ ಹೊಸ ಹುದ್ದೆಯೊಂದರ ಪ್ರಕಟಣೆ ಬಂತು. ಮೂರು ವರ್ಷದ ಪೋಸ್ಟ್‌ಡಾಕ್: ಎರಡು ವರ್ಷ ನಮ್ಮಲ್ಲೇ, ಒಂದು ವರ್ಷ ಹೊರದೇಶದ ಜೊತೆಗಾರ ಲ್ಯಾಬಿನಲ್ಲಿ, ಚೆನ್ನಾಗಿ ಮಾಡಿದರೆ ಕೊನೆಗೆ ಸ್ವಂತ ಲ್ಯಾಬು. ಹೆಂಗಸರಿಗೆ ವಯಸ್ಸಿನ ಮಿತಿ ನಲವತ್ತೈದು. ನನ್ನ ಈಗಿನ ಕೆಲಸ ಮಾರ್ಚಿಗೆ ಮುಗಿಯುತ್ತಿತ್ತು. ಮೇ ತಿಂಗಳಿಗೆ ನಲವತ್ತೈದು ತುಂಬುತ್ತಿತ್ತು. ಹುದ್ದೆ ಒಂದೇ. ಅರ್ಜಿ ಹಾಕುವವರು ನಾವಿಬ್ಬರೂ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಇದು ಸಿಕ್ಕರೆ ವಿಜ್ಞಾನಿ, ಸಿಗದಿದ್ದರೆ ಪದ್ಮನಾಭನಗರದ ಕುರ್ಚಿ. ನಾನು ವಿಷಯಗಳನ್ನು ಇಷ್ಟು ಸರಳ ಮಾಡಿಕೊಳ್ಳುವವಳಲ್ಲ, ನೂರು ಕವಲು ಒಡೆಸಿ ಒಂದೊಂದರ ತುದಿಗೂ ಹೋಗಿ ಬೆವರುವವಳು. ಆದರೆ ಈ ಸಲ ಕವಲು ಎರಡೇ ಇದ್ದವು.

ಅಕ್ಟೋಬರಿನಲ್ಲಿ ಆಯುಧಪೂಜೆ. ನಮ್ಮ ಲ್ಯಾಬಿನಲ್ಲಿ ಪ್ರತಿವರ್ಷ ಮಾಡುತ್ತಾರೆ. ದೇವರ ಬಗ್ಗೆ ನನ್ನ ನಿಲುವು ಅಷ್ಟೇನೂ ವೈಜ್ಞಾನಿಕವಲ್ಲ: ನಂಬಿಕೆ ಇಲ್ಲ, ಆದರೆ ಪೂಜೆ ಬಿಟ್ಟರೆ ಏನಾದರೂ ಆದೀತು ಎಂಬ ಭಯ ಇದೆ. ಏಳು ತಿಂಗಳಿಂದ ಏನೂ ಕಾಣದಿದ್ದವಳಿಗೆ ಭಯ ಇನ್ನಷ್ಟು. ಹಿಂದಿನ ಸಂಜೆ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಹೋಗಿ ನಾನೇ ಸೇವಂತಿಗೆ ಹೂವು, ನಿಂಬೆಹಣ್ಣು, ಒಂದು ಪ್ಯಾಕೆಟ್ ಅರಿಶಿನ, ಕುಂಕುಮ ತಂದೆ. ಬೂದುಗುಂಬಳ ಆಡಿಟರ ಕಡೆಯವರದು, ಇಡೀ ಕಟ್ಟಡಕ್ಕೆ ಹಂಚಿಕೆಯ ಕುಂಬಳ.

ನಾನು ಅರಿಶಿನ ಕಲಸಿಕೊಂಡು ಒಂದೊಂದಕ್ಕೂ ಬೊಟ್ಟಿಟ್ಟೆ. ಸೆಂಟ್ರಿಫ್ಯೂಜಿಗೆ, ಫ್ರೀಜರಿಗೆ, ಮೈಕ್ರೋಸ್ಕೋಪಿಗೆ. ಅವನು ಬಾಗಿಲಿಗೊರಗಿ ನೋಡುತ್ತಿದ್ದ. ಸೈನ್ಸ್ ಲ್ಯಾಬಲ್ಲಿ ಇದೆಲ್ಲಾ ಬೇಕಾ ಮೇಡಂ ಎಂದ. ಪ್ರಸಾದ ಬೇಡವಾದವರು ಹೊರಗೆ ಹೋಗಬಹುದು ಎಂದೆ. ಅವನು ಹೋಗಲಿಲ್ಲ, ಸಿಹಿ ಪೊಂಗಲ್ ಎರಡು ಸಲ ಹಾಕಿಸಿಕೊಂಡ.

ಕೊನೆಗೆ ಜಾರ್. ಸ್ಲೈಡುಗಳನ್ನು ಸಾಲಾಗಿ ನಿಲ್ಲಿಸಿ ಆಲ್ಕೋಹಾಲಿನಲ್ಲಿ ಅದ್ದುವ ಗಾಜಿನ ಜಾಡಿ. ಉಪ್ಪಿನಕಾಯಿ ಜಾಡಿಯ ತಂಗಿಯ ಹಾಗಿರುತ್ತದೆ. ಇಬ್ಬರೂ ಅದನ್ನೇ ಬಳಸುತ್ತಿದ್ದೆವು. ನನ್ನ ಫಲಿತಾಂಶ ಹುಟ್ಟಿದರೆ ಅದರೊಳಗೇ ಹುಟ್ಟಬೇಕು ಎಂದು ಅದಕ್ಕೆ ಮಾತ್ರ ಧಾರಾಳವಾಗಿ ಹಚ್ಚಿದೆ. ಮುಚ್ಚಳದ ಮೇಲೆ, ಅಂಚಿಗೆ, ನಾಲ್ಕೂ ಬದಿಗೆ. ಮನೆಯಲ್ಲಿ ಹೊಸ್ತಿಲಿಗೆ ಹಚ್ಚುವ ಹಾಗೆ. ಮರುದಿನ ಒರೆಸಿದೆ. ಒರೆಸಿದೆ ಎಂದುಕೊಂಡೆ.

ಮೂರನೇ ದಿನ ಸ್ಲೈಡು ಮಿನುಗಿತು.

ಕಿಡ್ನಿಯ ಸಣ್ಣ ಸಣ್ಣ ನಾಳಗಳೆಲ್ಲ ಹಸಿರು ಉಂಗುರಗಳಾಗಿ ಕಪ್ಪಿನಲ್ಲಿ ತೇಲುತ್ತಿದ್ದವು. ಏಳು ತಿಂಗಳು ಕತ್ತಲನ್ನೇ ದಿಟ್ಟಿಸಿದವಳಿಗೆ ಅದು ಹೇಗೆ ಕಂಡಿರಬೇಕು ಎಂದು ವಿವರಿಸಲು ಹೋಗುವುದಿಲ್ಲ. ಅತ್ತುಬಿಟ್ಟೆ, ಅಷ್ಟು ಹೇಳಿದರೆ ಸಾಕು. ಫೋಟೋ ತೆಗೆದೆ. ಇನ್ನೊಂದು ತೆಗೆದೆ. ಇನ್ನು ಒಂದೇ ಸ್ಲೈಡು ನೋಡುವುದು ಬಾಕಿ ಇತ್ತು, ಕಂಟ್ರೋಲ್ ಸ್ಲೈಡು. ಆಂಟಿಬಾಡಿ ಹಾಕದೆ ಉಳಿದದ್ದೆಲ್ಲ ಹಾಗೇ ಮಾಡಿದ ಸ್ಲೈಡು ಅದು. ಕಪ್ಪಾಗಿರಬೇಕು. ಅದು ಕಪ್ಪಾಗಿದ್ದರೆ ಮಾತ್ರ ಉಳಿದದ್ದರ ಹಸಿರು ನಿಜ. ನಾನು ಯಾವತ್ತೂ ಕಂಟ್ರೋಲ್ ಬಿಡುವವಳಲ್ಲ. ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಎರಡು ಸಲ ಮೆಟ್ಟಿಲು ಹತ್ತಿ ನೋಡುವವಳು. ಆದರೆ ಗಂಟೆ ಒಂದು ಐವತ್ತೆರಡು, ಬೆನ್ನ ಹಿಂದೆ ಉಸಿರು. ಅವನು ನನ್ನ ಭುಜದ ಮೇಲಿಂದ ಪರದೆಯನ್ನು ನೋಡುತ್ತಿದ್ದ. ನನ್ನ ಹಸಿರು ಅವನ ಕಣ್ಣಿಗೆ ಬೀಳುವುದು ನನಗೆ ಬೇಕಾಗಿರಲಿಲ್ಲ. ಪರದೆ ಆರಿಸಿ, ಸ್ಲೈಡುಗಳನ್ನೆಲ್ಲ ಡಬ್ಬಿಗೆ ಹಾಕಿಕೊಂಡು ಎದ್ದುಬಿಟ್ಟೆ. ನಾಳೆ ನೋಡಿದರಾಯಿತು.

ಮರುದಿನ ಗೈಡ್‌ಗೆ ಫೋಟೋ ತೋರಿಸಿದೆ. ನಮ್ಮ ಗೈಡ್ ಎಂದರೆ ಲ್ಯಾಬಿನ ಮುಖ್ಯಸ್ಥರು, ಅರವತ್ತರ ಹತ್ತಿರದವರು, ನಿವೃತ್ತಿಗೆ ಎರಡು ವರ್ಷ. ಕುರ್ಚಿಯಿಂದ ಎದ್ದು ಕಿಟಕಿಯ ಪರದೆ ಎಳೆದು, ಲ್ಯಾಪ್‌ಟಾಪನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಅರ್ಜಿಗೆ ಹಾಕಮ್ಮ ಇದನ್ನ, ಮೊದಲನೇ ಪುಟದಲ್ಲೇ ಹಾಕು ಎಂದರು. ಹಾಕಿದೆ. ಅರ್ಜಿ, ಅದರ ಜೊತೆಗಿನ ಹತ್ತು ಕಾಗದ, ಜೆರಾಕ್ಸು, ಸಹಿ ಎಂಬ ಗಡಿಬಿಡಿಯಲ್ಲಿ ಕಂಟ್ರೋಲ್ ಸ್ಲೈಡು ಫ್ರಿಜ್ಜಿನ ಡಬ್ಬಿಯಲ್ಲೇ ಮಲಗಿತು.

ಅದೇ ಹೊತ್ತಿಗೆ ಅವನು ಸ್ಟೋರಿನಿಂದ ಹೊಸ ಜಾರ್ ತರಿಸಿಕೊಂಡಿದ್ದ. ಅದರ ಮೇಲೆ ದಪ್ಪ ಮಾರ್ಕರಿನಲ್ಲಿ ತನ್ನ ಹೆಸರು, ತಾರೀಖು, ಕೆಳಗೆ ‘ಮುಟ್ಟಬೇಡಿ.’ ನಾನು ಅದನ್ನು ಚೀಟಿಯುದ್ಧದ ಮುಂದುವರಿದ ಭಾಗ ಎಂದುಕೊಂಡೆ. ಅರಿಶಿನ ಹಚ್ಚಿದ ಜಾರ್ ಅವನ ವಿಜ್ಞಾನಕ್ಕೆ ಮೈಲಿಗೆ ಆಯಿತೇನೋ ಎಂದು ಮನಸ್ಸಿನಲ್ಲೇ ಅಂದು, ಖುಷಿಪಟ್ಟು, ಹಳೆಯದನ್ನು ಪೂರ್ತಿ ನನ್ನದಾಗಿಸಿಕೊಂಡೆ.

ಡಿಸೆಂಬರ್ ಮೊದಲ ವಾರ ಸಂದರ್ಶನ. ಹೊರಗಿನಿಂದ ಬಂದ ಮೂವರ ಮುಂದೆ, ಇಡೀ ಲ್ಯಾಬಿನವರು ಕೂತಿರುವಾಗ, ಇಪ್ಪತ್ತು ನಿಮಿಷ ಮಾತಾಡಬೇಕು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಯಾರು ಬೇಕಾದರೂ ಎಂದರೆ ಅವನೂ. ನಾನು ನನ್ನ ಸ್ವಭಾವಕ್ಕೆ ತಕ್ಕ ಹಾಗೆ ಕೇಳಬಹುದಾದ ಕೆಟ್ಟ ಪ್ರಶ್ನೆಗಳನ್ನೆಲ್ಲ ಬರೆಯುತ್ತ ಹೋದೆ. ಈ ವಯಸ್ಸಿನಲ್ಲಿ ಯಾಕೆ? ಒಂಬತ್ತು ವರ್ಷ ಏನು ಮಾಡಿದಿರಿ? ಅವುಗಳಿಗೆಲ್ಲ ಉತ್ತರ ಬರೆದುಕೊಂಡೆ. ಇನ್ನೆರಡು ದಿನ ಇದೆ ಎನ್ನುವಾಗ ಬರೆದ ಪ್ರಶ್ನೆ: ಕಂಟ್ರೋಲ್ ಎಲ್ಲಿ? ಉತ್ತರ ‘ಇದೆ’ ಎಂದು ಬರೆದೆ. ಬರೆದ ಮೇಲೆ ಕೈ ಅಲ್ಲೇ ನಿಂತಿತು. ಇದೆ, ಸರಿ. ನೋಡಿದವರು ಯಾರು?

ಫ್ರಿಜ್ಜಿನಿಂದ ಡಬ್ಬಿ ತೆಗೆದುಕೊಂಡು ಕತ್ತಲೆ ಕೋಣೆಗೆ ಹೋದೆ. ಬುಕಿಂಗ್ ಶೀಟಿನಲ್ಲಿ ಅವನ ಹೆಸರಿತ್ತು, ಅವನು ಊಟಕ್ಕೆ ಹೋಗಿದ್ದ. ಸ್ಲೈಡು ಇಟ್ಟು ಬೆಳಕು ಬಿಟ್ಟೆ.

ಹಸಿರು ಉಂಗುರಗಳು. ಅವೇ. ಅಷ್ಟೇ ಚೆಂದ.

ಆಂಟಿಬಾಡಿ ಇಲ್ಲದ ಸ್ಲೈಡು ಹೊಳೆಯುತ್ತಿದೆ ಎಂದರೆ ಹೊಳೆಯುತ್ತಿರುವುದು ಬೇರೆ ಏನೋ. ಏನು ಎಂದು ತಿಳಿಯಲು ನನಗೆ ಐದು ನಿಮಿಷ ಬೇಕಾಯಿತು. ನನ್ನ ಬೆಂಚಿಗೆ ಬಂದು ಜಾರಿನ ಮುಚ್ಚಳ ತೆಗೆದು ಬಿಳಿ ಕಾಗದದ ಮೇಲೆ ಹಿಡಿದೆ. ಒಳಗಿನ ಆಲ್ಕೋಹಾಲು ತೆಳುವಾದ ಹಳದಿ, ತಿಳಿಸಾರಿನ ಮೇಲುನೀರಿನ ಹಾಗೆ. ಮುಚ್ಚಳದ ಒಳ ಅಂಚಿನಲ್ಲಿ ಅರಿಶಿನ ಒಣಗಿ ಕೂತಿತ್ತು. ಅರಿಶಿನ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಆಲ್ಕೋಹಾಲಿನಲ್ಲಿ ಚೆನ್ನಾಗಿ ಕರಗುತ್ತದೆ. ಮಾಂಸದ ಚೂರಿಗೆ ಅಂಟಿಕೊಳ್ಳುತ್ತದೆ. ಆ ಮೈಕ್ರೋಸ್ಕೋಪಿನ ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಪಾಠ ಬೇರೆ ಮಾಡಿದ್ದೆ. ಹೋಳಿಗೆಯ ಹೂರಣದಿಂದ ಹಿಡಿದು ಸೀರೆಯ ಸೆರಗಿನವರೆಗೆ ಯಾವುದಕ್ಕೆ ತಗುಲಿದರೂ ಬಿಡದ ವಸ್ತು ಕಿಡ್ನಿಯನ್ನು ಬಿಟ್ಟೀತು ಎಂದು ನಲವತ್ತನಾಲ್ಕು ವರ್ಷದ ಹೆಂಗಸು ಅಂದುಕೊಂಡಿದ್ದಳು.

ಆಗ ಅವನ ಜಾರಿನ ಕಡೆ ಕಣ್ಣು ಹೋಯಿತು. ‘ಮುಟ್ಟಬೇಡಿ’ಯ ಮೇಲಿದ್ದ ತಾರೀಖನ್ನು ಮೊದಲ ಸಲ ಓದಿದೆ. ಆಯುಧಪೂಜೆಯ ಮರುದಿನ. ನನ್ನ ಸ್ಲೈಡು ಮಿನುಗುವುದಕ್ಕೂ ಮುಂಚೆ. ಅವನು ಹಳೆಯ ಜಾರ್ ತೆರೆದಿದ್ದಾನೆ, ಹಳದಿ ನೋಡಿದ್ದಾನೆ, ತನಗೆ ಹೊಸದು ತರಿಸಿಕೊಂಡಿದ್ದಾನೆ. ಆಮೇಲೆ ನನ್ನ ಭುಜದ ಮೇಲಿಂದ ಆ ಹಸಿರನ್ನು ನೋಡಿದ್ದಾನೆ, ಅದು ಅರ್ಜಿಯ ಮೊದಲನೇ ಪುಟಕ್ಕೆ ಹೋಗುವುದನ್ನೂ ನೋಡಿದ್ದಾನೆ. ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದಾನೆ. ಎಲ್ಲದಕ್ಕೂ ಚೀಟಿ ಬರೆಯುತ್ತಿದ್ದವನು ಇದಕ್ಕೊಂದು ಚೀಟಿ ಬರೆಯಲಿಲ್ಲ.

ಕೋಪ ಬರಬೇಕಾಗಿತ್ತು, ಬಂತು. ಅದಕ್ಕಿಂತ ಮೊದಲು ಬಂದದ್ದು ಒಂದು ನಾಚಿಕೆಗೆಟ್ಟ ಯೋಚನೆ: ಅವನ ಜಾಗದಲ್ಲಿ ನಾನಿದ್ದಿದ್ದರೆ? ಉತ್ತರ ತಕ್ಷಣ ಸಿಕ್ಕಿತು, ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು.

ಗೈಡ್ ಹತ್ತಿರ ಹೋಗಿ ಎಲ್ಲ ಹೇಳಿದೆ, ಅವನ ಜಾರಿನ ವಿಷಯ ಬಿಟ್ಟು. ಹೇಳಿದರೆ ಚಾಡಿಯಾಗುತ್ತದೆ ಎಂದಲ್ಲ, ನನ್ನ ದಡ್ಡತನವನ್ನು ಅವನು ಮೊದಲೇ ಕಂಡುಹಿಡಿದ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ. ಗೈಡ್ ಬಹಳ ಹೊತ್ತು ಕನ್ನಡಕ ಒರೆಸಿದರು. ಅವರ ಹೆಸರೂ ಆ ಅರ್ಜಿಯ ಮೇಲಿತ್ತು.

“ಇಷ್ಟು ದಿನ ನೋಡ್ದೆ ಇದ್ದೋಳು ಇವತ್ತು ಯಾಕಮ್ಮ ನೋಡೋಕೆ ಹೋದೆ?” ಎಂದರು.

ಆಮೇಲೆ ಅವರೇ ಮುಂದುವರಿಸಿ, ಕೇಳಿದರೆ ಮಾತ್ರ ಹೇಳು, ಕೇಳದಿದ್ದರೆ ಜನವರಿಯಲ್ಲಿ ಹೊಸ ಜಾರಿನಲ್ಲಿ ಮತ್ತೆ ಮಾಡೋಣ, ಪ್ರೋಟೀನು ಅಲ್ಲಿ ಇಲ್ಲ ಅಂತ ಏನೂ ಸಾಬೀತಾಗಿಲ್ಲವಲ್ಲ ಎಂದರು. ಕೊನೆಗೆ, ಬಾಗಿಲವರೆಗೆ ಬಂದವಳನ್ನು ನಿಲ್ಲಿಸಿ, ನಿನ್ನ ವಯಸ್ಸಿಗೆ ಇನ್ನೊಂದು ಅವಕಾಶ ಇಲ್ಲ ಅನ್ನೋದು ನೆನಪಿರಲಿ ಎಂದರು. ನಾನದನ್ನು ಮರೆತಿರಬಹುದು ಎಂದುಕೊಂಡ ಮೊದಲ ಮನುಷ್ಯ ಅವರು.

ಎರಡು ದಿನ ನಾನು ಅವರ ಸಲಹೆಯನ್ನು ಹೊರಳಿಸಿ ಹೊರಳಿಸಿ ನೋಡಿದೆ. ಹೊರಗಿನ ಮೂವರು ಕೇಳದೆ ಇರಬಹುದು. ಅವನು ಕೇಳುತ್ತಾನೆ. ಅಲ್ಲಿ, ಎಲ್ಲರ ಮುಂದೆ, ಮೇಡಂ ಎಂದು ಶುರುಮಾಡಿ ಕೇಳುತ್ತಾನೆ. ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಅದಕ್ಕೇ. ಅಕಸ್ಮಾತ್ ಕೇಳಲಿಲ್ಲ ಎಂದುಕೊಳ್ಳೋಣ, ಹುದ್ದೆ ಸಿಕ್ಕಿತು ಎಂದುಕೊಳ್ಳೋಣ. ಮೂರು ವರ್ಷ ಆ ಫೋಟೋದ ಜೊತೆ ಬದುಕಬೇಕು, ಹೊರದೇಶದಲ್ಲಿ ಯಾರೋ ಅದನ್ನು ಮತ್ತೆ ಮಾಡಿ ನೋಡುವ ದಿನಕ್ಕೆ ಕಾಯಬೇಕು. ಗ್ಯಾಸ್ ಆಫ್ ಆಗಿದೆಯಾ ಎಂದು ಕೆಳಗಿನಿಂದ ವಾಪಸು ಬರುವವಳ ಕೈಯಲ್ಲಿ ಆಗುವ ಕೆಲಸ ಅಲ್ಲ ಅದು. ಇದನ್ನು ಪ್ರಾಮಾಣಿಕತೆ ಎಂದು ನಮ್ಮ ಮನೆಯವರು ಆಮೇಲೆ ನಾಲ್ಕು ಜನಕ್ಕೆ ಹೇಳಿಕೊಂಡರು. ನಾನು ತಿದ್ದಲಿಲ್ಲ.

ಸಂದರ್ಶನದ ದಿನ ಮೊದಲು ಅವನದಾಯಿತು. ಚೆನ್ನಾಗಿಯೇ ಮಾತಾಡಿದ. ಅವನ ಹಸಿರು ನನ್ನದಕ್ಕಿಂತ ಮಂಕಾಗಿತ್ತು, ಪಕ್ಕದಲ್ಲಿ ಅದರ ಕಂಟ್ರೋಲ್ ಕಪ್ಪಾಗಿ ಕೂತಿತ್ತು. ಆಮೇಲೆ ನಾನು. ಮೊದಲನೇ ಚಿತ್ರವಾಗಿ ಆ ಹಸಿರು ಉಂಗುರಗಳನ್ನು ಹಾಕಿದೆ. ಹೊರಗಿನ ಮೂವರಲ್ಲಿ ಹಿರಿಯರಾದ ಹೆಂಗಸು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೂರನೇ ಸಾಲಿನಲ್ಲಿ ಅವನು ಇಯರ್‌ಫೋನ್ ಸುತ್ತಿ ಜೇಬಿಗಿಟ್ಟುಕೊಂಡು ಕೈಯನ್ನು ಅರ್ಧ ಎತ್ತಿ, ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಆನಿಸಿಕೊಂಡ. ಮಾತು ಮುಗಿಯುವುದನ್ನೂ ಕಾಯುವವನಲ್ಲ.

ನಾನು ಎರಡನೇ ಚಿತ್ರ ಹಾಕಿದೆ. ಅದೇ ಹಸಿರು.

“ಇದು ಕಂಟ್ರೋಲ್. ಇದು ಕಪ್ಪಾಗಿರಬೇಕಿತ್ತು,” ಎಂದೆ. “ಆಯುಧಪೂಜೆ ದಿನ ಸ್ಲೈಡ್ ಅದ್ದೋ ಜಾರಿಗೆ ನಾನೇ ಅರಿಶಿನ ಹಚ್ಚಿದ್ದೆ. ನೀವು ನೋಡ್ತಿರೋದು ಅದನ್ನೇ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅದು ಮುಂದಿನ ಸಾಲಿಗೆ ಹಬ್ಬಿತು. ಗೈಡ್ ಮೊಬೈಲು ನೋಡಲು ಶುರುಮಾಡಿದರು. ನಾನು ನೋಡುತ್ತಿದ್ದದ್ದು ಮೂರನೇ ಸಾಲನ್ನು. ಅವನ ಕೈ ನಿಧಾನ ಕೆಳಗಿಳಿಯಿತು. ಎಲ್ಲಿಡಬೇಕೆಂದು ಗೊತ್ತಾಗದೆ ಕೊನೆಗೆ ತಲೆ ಕೆರೆದುಕೊಂಡ. ನನ್ನ ವೈಜ್ಞಾನಿಕ ಜೀವನದ ಅತ್ಯಂತ ಸಂತೋಷದ ಕ್ಷಣ ಯಾವುದು ಎಂದು ಯಾರಾದರೂ ಕೇಳಿದರೆ, ಕೇಳುವವರು ಯಾರೂ ಇಲ್ಲ, ಕೇಳಿದರೆ ಅದು.

ಹಿರಿಯ ಹೆಂಗಸು ನಗಲಿಲ್ಲ. ಹಾಗಾದರೆ ಅರ್ಜಿಯಲ್ಲಿ ಹೇಳಿದ ಫಲಿತಾಂಶ ಸದ್ಯಕ್ಕೆ ನಿಮ್ಮ ಹತ್ತಿರ ಇಲ್ಲ, ಅಲ್ಲವೇ ಎಂದು ಕೇಳಿದರು. ಇಲ್ಲ ಮೇಡಂ ಎಂದೆ. ಥ್ಯಾಂಕ್ಯೂ ಎಂದರು. ಇಪ್ಪತ್ತು ನಿಮಿಷದಲ್ಲಿ ಹದಿನಾರು ಬಾಕಿ ಉಳಿದಿತ್ತು.

ಹುದ್ದೆ ಅವನಿಗೆ ಹೋಯಿತು. ಹೋಗಬೇಕಾದದ್ದೇ. ಹೀಗೆ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು, ಈಗಲೂ ಹಲ್ಲು ಕಚ್ಚಿಕೊಂಡೇ ಬರೆಯುತ್ತಿದ್ದೇನೆ.

ಮಾರ್ಚಿನ ಕೊನೆಯ ದಿನ ನನ್ನ ಕಿಡ್ನಿ ಚೂರುಗಳನ್ನೆಲ್ಲ ಅವನಿಗೆ ಒಪ್ಪಿಸಬೇಕಾಗಿತ್ತು. ಕೆಲಸ ಮುಂದುವರಿಸುವವನು ಅವನೇ. ಡಬ್ಬಿಗಳನ್ನು ಒಂದೊಂದಾಗಿ ಕೊಟ್ಟೆ, ಅವನು ಒಂದೊಂದನ್ನೂ ಪಟ್ಟಿಯಲ್ಲಿ ಟಿಕ್ ಮಾಡಿಕೊಂಡ. ಕೊನೆಯ ಡಬ್ಬಿ ತೆಗೆದುಕೊಂಡವನು ಹೋಗಲಿಲ್ಲ.

“ನೀವಾಗಿ ಹೇಳ್ದೆ ಇದ್ದಿದ್ರೆ ನಾನು ಕೇಳ್ತಿದ್ದೆ, ಮೇಡಂ.”

“ಗೊತ್ತು. ಅದಕ್ಕೇ ಹೇಳಿದ್ದು.”

“ಮೊದ್ಲೇ ಹೇಳ್ಬೋದಿತ್ತು ನಾನು.”

“ಹೇಳ್ಬೋದಿತ್ತು.”

ಅವನು ಸಾರಿ ಹೇಳುತ್ತಾನೇನೋ ಎಂದು ಅನುಮಾನವಾಯಿತು. ಹೇಳಿದರೆ ನಾನೂ ಏನಾದರೂ ಒಳ್ಳೆಯ ಮಾತಾಡಬೇಕಾಗುತ್ತದಲ್ಲ ಎಂದು ಗಾಬರಿಯೂ ಆಯಿತು. ಪುಣ್ಯಕ್ಕೆ ಹೇಳಲಿಲ್ಲ. ಫ್ರೀಜರಿನ ಬೀಗದ ಕೈ ಕೇಳಿದ. ಮೇಜಿನ ಮೇಲಿಟ್ಟೆ, ಅವನ ಕೈಗೆ ಕೊಡಲಿಲ್ಲ.

ಪದ್ಮನಾಭನಗರದ ಕುರ್ಚಿ ಹಾಗೇ ಇತ್ತು, ಕುಶನ್ ಮಾತ್ರ ಬದಲಾಗಿತ್ತು. ಯಜಮಾನರು ಈಗಲೂ ಆಯುಧಪೂಜೆಗೆ ಪ್ರೊಜೆಕ್ಟರಿಗೆ ಅರಿಶಿನ ಕುಂಕುಮ ಹಚ್ಚುತ್ತಾರೆ, ಹಿರಿಯ ಟೀಚರ್ ಎಂದು ಬಟ್ಟಲು ನನ್ನ ಕೈಗೆ ಕೊಡುತ್ತಾರೆ. ಹಚ್ಚುತ್ತೇನೆ. ಬಿಡಲು ಭಯ.

ಹೋದ ವರ್ಷ ಅವನ ಪ್ರಬಂಧ ಪ್ರಕಟವಾಯಿತು. ಪ್ರಕಟವಾಗುತ್ತದೇನೋ ಎಂದು ನಾನು ವಾರಕ್ಕೊಮ್ಮೆ ಹುಡುಕುತ್ತಿದ್ದುದರಿಂದ ಬಂದ ದಿನವೇ ಸಿಕ್ಕಿತು. ಕಿಡ್ನಿ ಚೂರುಗಳು ನನ್ನವೇ, ಪ್ರೋಟೀನು ನಾನು ಹುಡುಕುತ್ತಿದ್ದದ್ದೇ. ಅದು ನಾನು ಹೇಳಿದ ಜಾಗದಲ್ಲೇ ಇತ್ತು. ಕೃತಜ್ಞತೆಯ ಸಾಲುಗಳಲ್ಲಿ ನನ್ನ ಹೆಸರಿರಲಿಲ್ಲ, ಮೂರು ಸಲ ಓದಿದೆ. ಆಮೇಲೆ ಚಿತ್ರಕ್ಕೆ ಬಂದೆ. ಬಲಗಡೆ ಕೆಳಗೆ, ಮೂಲೆಯಲ್ಲಿ, ಕಂಟ್ರೋಲ್ ಇತ್ತು. ಮಧ್ಯಾಹ್ನದ ಬ್ಯಾಚು ಇನ್ನೂ ಬಂದಿರಲಿಲ್ಲ. ಕ್ಲಾಸಿನ ಪರದೆಗಳನ್ನು ಎಳೆದು, ಆ ಚೌಕವನ್ನು ಪ್ರೊಜೆಕ್ಟರಿಗೆ ಹಾಕಿ, ಗೋಡೆಯಷ್ಟು ದೊಡ್ಡದು ಮಾಡಿ, ಹತ್ತಿರ ಹೋಗಿ ನಿಂತು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹಸಿರಿಗಾಗಿ ಹುಡುಕಿದೆ.

ಎಲ್ಲೂ ಇರಲಿಲ್ಲ. ಶುದ್ಧ ಕಪ್ಪು. ಬೇಜಾರಾಯಿತು.